ಹಳೆಯ ಪಟದ ಕಪ್ಪು ಸೀರೆ

ನವೆಂಬರ್ ಎರಡು ಸಮೀಪಿಸಿತೆಂದರೆ ನಮ್ಮ ಮನೆಗಳಲ್ಲಿ ಗತಿಸಿದವರ ಸ್ಮರಣೆ ಹೊಸದಾಗುತ್ತದೆ. ಸಮಾಧಿಗಳ ಸುತ್ತಲಿನ ಹುಲ್ಲು ಕಿತ್ತು, ಸುಣ್ಣ ಬಳಿದು, ಮೇಣದ ಬತ್ತಿ ಹಚ್ಚಿ ಬರುತ್ತೇವೆ. ಮನೆಗೆ ಬಂದು ಗೋಡೆಯ ಮೇಲಿನ ಪಟಗಳ ಧೂಳನ್ನೂ ಒರೆಸುತ್ತೇವೆ. ಆಗ ಮಕ್ಕಳು ಬೆರಳು ತೋರಿಸಿ "ಇವರು ಯಾರು?" ಎಂದು ಕೇಳುವುದುಂಟು. ಅಜ್ಜ ಅಜ್ಜಿಯರ ತನಕ ಉತ್ತರ ತಡವರಿಸದೆ ಬರುತ್ತದೆ. ಅದರಾಚೆಗೆ ಹೋದಂತೆ "ನಮ್ಮ ಹಿರಿಯರು" ಎಂಬ ಒಂದೇ ಮಾತಿನಲ್ಲಿ ಎಲ್ಲರೂ ಸೇರಿಹೋಗುತ್ತಾರೆ. ಪ್ರಾರ್ಥನೆಗೆ ಅಷ್ಟು ಸಾಕು, ದೇವರಿಗೆ ಎಲ್ಲರ ಹೆಸರೂ ಗೊತ್ತು. ಕುಟುಂಬದ ಚರಿತ್ರೆ ಬರೆಯಹೊರಟವರಿಗೆ ಮಾತ್ರ ಅಷ್ಟು ಸಾಲದು.

ಕಲಬುರಗಿ ಸೀಮೆಯಲ್ಲಿ ಈ ತೊಡಕು ಇನ್ನಷ್ಟು ಹೆಚ್ಚು. ಮುದಗಲ್ಲಿನಂತಹ ಪುರಾತನ ಕ್ರೈಸ್ತ ನೆಲೆಗಳಿಂದ ಬಂದವರನ್ನು ಬಿಟ್ಟರೆ ಇಲ್ಲಿನ ಕಥೋಲಿಕ ಕುಟುಂಬಗಳಲ್ಲಿ ಅನೇಕವು ಹೊಟ್ಟೆಪಾಡಿಗಾಗಿ ದೂರದಿಂದ ಬಂದು ನೆಲೆಸಿದವು. 1871ರಲ್ಲಿ ಮುಂಬಯಿ ಕಡೆಯ ಜಿ.ಐ.ಪಿ. ರೈಲುಮಾರ್ಗ ಕಲಬುರಗಿ, ವಾಡಿಗಳನ್ನು ದಾಟಿ ರಾಯಚೂರಿನಲ್ಲಿ ಮದರಾಸಿನ ಮಾರ್ಗವನ್ನು ಕೂಡಿಕೊಂಡಿತು. 1874ರಲ್ಲಿ ವಾಡಿಯಿಂದ ಸಿಕಂದರಾಬಾದಿಗೆ ನಿಜಾಮರ ರೈಲು ಹೊರಟಿತು. ರೈಲಿನ ಹಿಂದೆ ನೌಕರಿ ಬಂತು, ನೌಕರಿಯ ಹಿಂದೆ ಸಂಸಾರ ಬಂತು. ಕರಾವಳಿಯವರು, ಗೋವೆಯವರು, ತಮಿಳುನಾಡಿನವರು ಹೀಗೆ ಬಂದರು. ಅವರ ಹಿರಿಯರ ಸಮಾಧಿ ಒಂದೂರಿನಲ್ಲಿ, ಜ್ಞಾನಸ್ನಾನದ ರಿಜಿಸ್ಟರು ಇನ್ನೊಂದೂರಿನಲ್ಲಿ, ಬದುಕು ಇಲ್ಲಿ. ಜೊತೆಗೆ ಬಂದದ್ದು ತಗಡಿನ ಟ್ರಂಕಿನ ತಳದಲ್ಲಿದ್ದ ನಾಲ್ಕು ಪಟಗಳು.

ಅಂತಹ ಒಂದು ಟ್ರಂಕಿನ ಸಂಗತಿಯನ್ನು ಇಲ್ಲಿ ಬರೆಯುತ್ತಿದ್ದೇನೆ. ಮನೆಯವರ ಇಚ್ಛೆಯಂತೆ ಹೆಸರುಗಳನ್ನು ಬಿಟ್ಟಿದ್ದೇನೆ.

ಮನೆ ಇರುವುದು ಕಮಲಾಪುರದಲ್ಲಿ. ಕಲಬುರಗಿಯಿಂದ ಹುಮನಾಬಾದಿನ ರಸ್ತೆ ಹಿಡಿದರೆ ಒಂದು ಗಂಟೆಯ ಹಾದಿ. ಕೆಂಪು ಬಾಳೆಗೆ ಹೆಸರಾದ ಊರು. ಅಲ್ಲಿ ಮಗನ ಮನೆಯಲ್ಲಿರುವ ಹಿರಿಯ ತಾಯಿಗೆ ಈಗ ತೊಂಬತ್ತರ ಹತ್ತಿರ. 1935ರಲ್ಲಿ ವಾಡಿಯಲ್ಲಿ ಹುಟ್ಟಿದವರು. ತಂದೆ ಮಂಗಳೂರು ಕಡೆಯವರು, ವಾಡಿಯಲ್ಲಿ ರೈಲ್ವೆ ಗುಮಾಸ್ತರು. ತಾಯಿ 1937ರಲ್ಲಿ ಎರಡನೆಯ ಹೆರಿಗೆಯಲ್ಲಿ ತೀರಿಕೊಂಡರು, ಕೂಸೂ ಉಳಿಯಲಿಲ್ಲ. ಎರಡು ವರ್ಷದ ಈ ಮಗುವನ್ನು ಸಾಕಿದವರು ತಂದೆಯ ಅಕ್ಕ. ಆ ಸೋದರತ್ತೆ 1918ರ ಇನ್‌ಫ್ಲುಯೆಂಜಾ ಜ್ವರದಲ್ಲಿ, ತಮ್ಮ ಇಪ್ಪತ್ತೆರಡನೆಯ ವಯಸ್ಸಿನಲ್ಲಿ, ಗಂಡನನ್ನು ಕಳೆದುಕೊಂಡು ತಮ್ಮನ ಆಸರೆಗೆ ಬಂದವರು. ತಾಯಿಯ ಪಟ ಒಂದೂ ಇಲ್ಲವೆಂದೇ ಮನೆಯವರ ತಿಳಿವಳಿಕೆ. ಇದ್ದದ್ದು ಒಬ್ಬ ಎಳೆಯ ಹೆಂಗಸಿನ ಪಟ. ಕುರ್ಚಿಯಲ್ಲಿ ಕುಳಿತಿದ್ದಾಳೆ, ಕಪ್ಪು ಸೀರೆ ಉಟ್ಟಿದ್ದಾಳೆ, ಮುಖದಲ್ಲಿ ನಗೆಯಿಲ್ಲ. ಕಪ್ಪು ಬಟ್ಟೆ ಶೋಕದ ಗುರುತಾದುದರಿಂದ ಅದು ವಿಧವೆಯಾದ ಹೊಸತರಲ್ಲಿ ಸೋದರತ್ತೆ ತೆಗೆಸಿದ ಪಟವೆಂದು ಮನೆಯಲ್ಲಿ ಮೂರು ತಲೆಮಾರು ಹೇಳಿಕೊಂಡು ಬಂದಿತ್ತು. ಅತ್ತೆಯ ಪುಣ್ಯತಿಥಿಗೆ ಆ ಪಟದ ಮುಂದೆಯೇ ಮೇಣದ ಬತ್ತಿ ಉರಿಯುತ್ತಿತ್ತು.

ಮೊಮ್ಮಗ ಪಟವನ್ನು ಮೊಬೈಲಿಗೆ ಇಳಿಸಿಕೊಂಡು, ಹಳೆಯ ಚಿತ್ರಗಳಿಗೆ ಬಣ್ಣ ತುಂಬುವ ಒಂದು ಸಾಧನದಿಂದ ಬಣ್ಣ ಹಾಕಿಸಿದ್ದ. ಕೆನ್ನೆಗೆ ಗುಲಾಬಿ ಬಂತು, ಪರದೆಗೆ ಹಸಿರು ಬಂತು, ಸೀರೆ ಮಾತ್ರ ಕಪ್ಪಾಗಿಯೇ ಉಳಿಯಿತು. "ನೋಡಿ, ಕಂಪ್ಯೂಟರೂ ಕಪ್ಪು ಎಂದೇ ಹೇಳುತ್ತಿದೆ" ಎಂದ. ಕಂಪ್ಯೂಟರಿಗೆ ತಿಳಿದದ್ದು ಬೂದು ಛಾಯೆಗಳ ಲೆಕ್ಕ ಮಾತ್ರ. ಆ ಸೀರೆಯನ್ನು ಅದು ಕಂಡಿರಲಿಲ್ಲ.

ಮುಂಬದಿಗಿಂತ ಹಿಂಬದಿ ಮೊದಲು

ಹಳೆಯ ಪಟ ಕೈಗೆ ಬಂದಾಗ ನಾವೆಲ್ಲ ಮುಖ ನೋಡುತ್ತೇವೆ. "ಮೂಗು ನಮ್ಮ ಚಿಕ್ಕಪ್ಪನದೇ" ಎಂದು ತೀರ್ಮಾನಿಸುತ್ತೇವೆ. ಹೋಲಿಕೆಯಷ್ಟು ಮೋಸ ಮಾಡುವ ಸಾಕ್ಷಿ ಬೇರೊಂದಿಲ್ಲ. ಮೊದಲು ನೋಡಬೇಕಾದುದು ಕಾಗದ, ಅದನ್ನು ಅಂಟಿಸಿದ ರಟ್ಟು, ಹಿಂಬದಿಯ ಬರಹ.

ತೀರ ತೆಳುವಾದ ಕಾಗದ, ಹಳದಿ ಬೆರೆತ ಕಂದು ಛಾಯೆ, ಗಟ್ಟಿ ರಟ್ಟಿಗೆ ಅಂಟಿಸಿದ ಚಿತ್ರ ಇವಿಷ್ಟು ಕೂಡಿದ್ದರೆ ಅದು ಬಹುಮಟ್ಟಿಗೆ ಆಲ್ಬುಮೆನ್ ಪಟ, ಎಂದರೆ ಕೋಳಿಮೊಟ್ಟೆಯ ಬಿಳಿಲೋಳೆ ಸವರಿದ ಕಾಗದದ ಮೇಲೆ ಮೂಡಿಸಿದ್ದು. 1850ರಲ್ಲಿ ಫ್ರಾನ್ಸಿನಲ್ಲಿ ಹುಟ್ಟಿದ ಈ ವಿಧಾನ ಹತ್ತೊಂಬತ್ತನೆಯ ಶತಮಾನದ ಕೊನೆಯ ದಶಕದವರೆಗೂ ಜಗತ್ತನ್ನು ಆಳಿತು. ರಟ್ಟಿನ ಅಳತೆಯೂ ಮಾತನಾಡುತ್ತದೆ. ಅಗಲ ಎರಡೂವರೆ ಇಂಚು, ಉದ್ದ ನಾಲ್ಕು ಇಂಚು ಇದ್ದರೆ ಅದು ಕಾರ್ತ್ ದ ವಿಸಿತ್; ಪ್ಯಾರಿಸ್ಸಿನ ದಿಸ್ದೇರಿ 1854ರಲ್ಲಿ ಪೇಟೆಂಟ್ ಪಡೆದ ನಮೂನೆ. ನಾಲ್ಕೂಕಾಲು ಇಂಚಿಗೆ ಆರೂವರೆ ಇಂಚು ಇದ್ದರೆ ಕ್ಯಾಬಿನೆಟ್ ಕಾರ್ಡು. ಇದು ಬಳಕೆಗೆ ಬಂದದ್ದು 1866ರ ಸುಮಾರಿಗೆ. 1900ರ ಹೊತ್ತಿಗೆ ಜೆಲಟಿನ್ ಲೇಪಿಸಿದ ಬೆಳ್ಳಿ ಲವಣದ ಕಾಗದ ಎಲ್ಲೆಡೆ ಹರಡಿತ್ತು. ಅಂತಹ ಪಟವನ್ನು ಬೆಳಕಿಗೆ ಓರೆಯಾಗಿ ಹಿಡಿದರೆ ಕಪ್ಪು ಭಾಗಗಳ ಅಂಚಿನಲ್ಲಿ ನೀಲಿ ಬೆರೆತ ಕನ್ನಡಿಯಂತಹ ಹೊಳಪು ಕಾಣುವುದುಂಟು. ವರ್ಷಗಳು ಕಳೆದಂತೆ ಬೆಳ್ಳಿ ಮೇಲೆದ್ದು ಬಂದ ಗುರುತು ಅದು. ಒಂದು ಎಚ್ಚರಿಕೆ ಹೇಳಬೇಕು: ಈ ಇಸವಿಗಳೆಲ್ಲ ಯುರೋಪಿನವು. ರಟ್ಟು, ಕಾಗದಗಳು ಹಡಗಿನಲ್ಲಿ ಬಂದು, ಅಂಗಡಿಯಲ್ಲಿ ಕುಳಿತು, ನಮ್ಮ ಊರಿನ ಸ್ಟುಡಿಯೋ ಸೇರುವ ಹೊತ್ತಿಗೆ ಐದಾರು ವರ್ಷ ಕಳೆದಿರಬಹುದು. ದುಬಾರಿ ಸಾಮಾನನ್ನು ಯಾರೂ ಎಸೆಯುವುದಿಲ್ಲವಾದುದರಿಂದ ಹಳೆಯ ರಟ್ಟು ತೀರುವ ತನಕ ಬಳಕೆಯಲ್ಲಿರುತ್ತಿತ್ತು.

ನಮ್ಮ ನಿಜಾಮ ಸೀಮೆಯಲ್ಲಿ ಛಾಯಾಚಿತ್ರದ ಮಾತು ಬಂದರೆ ಲಾಲಾ ದೀನ್ ದಯಾಳರನ್ನು ನೆನೆಯದೆ ಮುಂದೆ ಹೋಗಲಾಗದು. 1844ರಲ್ಲಿ ಮೀರತ್ ಬಳಿಯ ಸರ್ಧನದಲ್ಲಿ ಜನಿಸಿದ ಈ ಜೈನ ಗೃಹಸ್ಥರು ಆರನೆಯ ನಿಜಾಮ ಮಹಬೂಬ್ ಅಲಿ ಖಾನರ ಆಸ್ಥಾನದ ಛಾಯಾಗ್ರಾಹಕರಾದರು. 1886ರಲ್ಲಿ ಸಿಕಂದರಾಬಾದಿನಲ್ಲಿ ಸ್ಟುಡಿಯೋ ತೆರೆದರು. 1892ರಲ್ಲಿ ಹೈದರಾಬಾದಿನಲ್ಲಿ ಪರದೆಯ ಹೆಂಗಸರಿಗಾಗಿಯೇ ಒಂದು ಸ್ಟುಡಿಯೋ ತೆರೆದು ಆಂಗ್ಲ ಮಹಿಳೆಯೊಬ್ಬರ ವಶಕ್ಕೆ ಕೊಟ್ಟರು. 1905ರಲ್ಲಿ ನಿಧನರಾದರು. ಅವರು ಹುಟ್ಟಿದ ಸರ್ಧನವೆಂದರೆ ಬೇಗಂ ಸಮ್ರು ಕಟ್ಟಿಸಿದ ಮಾತೆಯ ದೇವಾಲಯದ ಊರೇ. 1961ರಲ್ಲಿ ಅದಕ್ಕೆ ಬಸಿಲಿಕದ ಗೌರವ ದೊರಕಿತು. ದೀನ್ ದಯಾಳರ ಮುದ್ರೆಯಿರುವ ರಟ್ಟು ನಿಮ್ಮ ಮನೆಯಲ್ಲಿದ್ದರೆ ಅದನ್ನು ಹಳೆ ಸಾಮಾನಿನವರಿಗೆ ಕೊಡುವ ಮುನ್ನ ಎರಡು ಸಲ ಯೋಚಿಸಿರಿ.

ಸಣ್ಣ ಊರಿನ ಸ್ಟುಡಿಯೋಗಳ ಮುದ್ರೆಗಳಿಗೆ ಇಷ್ಟು ಕೀರ್ತಿಯಿಲ್ಲ, ಆದರೆ ವಿಳಾಸವಿದೆ. ಆ ವಿಳಾಸವೇ ನಮಗೆ ಗಡಿಯಾರ. ಊರಿನ ಹೆಸರಿನ ಮುಂದೆ "ದಕ್ಖನ್" ಎಂದೋ "ನಿಜಾಮರ ಪ್ರಾಂತ" ಎಂದೋ ಇದ್ದರೆ ಬಹುಮಟ್ಟಿಗೆ 1948ರ ಸೆಪ್ಟೆಂಬರಿಗೆ ಹಿಂದಿನದು. "ಮೈಸೂರು ರಾಜ್ಯ" ಎಂದಿದ್ದರೆ 1956ರ ನವೆಂಬರಿನಿಂದ 1973ರ ನವೆಂಬರಿನ ನಡುವಿನದು. "ಕರ್ನಾಟಕ" ಎಂದಿದ್ದರೆ ಅದಕ್ಕೂ ಈಚಿನದು. ಪಿನ್ ಕೋಡ್ ಇದ್ದರೆ 1972ರ ಆಗಸ್ಟ್ 15ರ ನಂತರದ್ದು. "ಕಲಬುರಗಿ" ಎಂಬ ಹೆಸರು ಅಧಿಕೃತವಾದದ್ದು 2014ರ ನವೆಂಬರ್ 1ರಂದು. ಹಳೆಯ ಮುದ್ರೆಗಳಲ್ಲಿ ಇರುವುದು ಗುಲ್ಬರ್ಗವೇ. ಇನ್ನೊಂದು ಸೂಕ್ಷ್ಮವುಂಟು. ನಿಜಾಮರ ಬಿರುದು "ಹಿಸ್ ಹೈನೆಸ್", ಎಂದರೆ ಎಚ್.ಎಚ್., ಎಂದು ಅಚ್ಚಾಗಿದ್ದರೆ ರಟ್ಟು 1918ಕ್ಕೆ ಹಿಂದಿನದು. ಮಹಾಯುದ್ಧದಲ್ಲಿ ನೀಡಿದ ನೆರವಿಗಾಗಿ ಏಳನೆಯ ನಿಜಾಮರಿಗೆ ಆ ವರ್ಷ "ಹಿಸ್ ಎಕ್ಸಾಲ್ಟೆಡ್ ಹೈನೆಸ್" ಎಂಬ ಬಿರುದು ಬಂತು. ಅಲ್ಲಿಂದ ಮುಂದೆ ಎಚ್.ಇ.ಎಚ್.

ಕಮಲಾಪುರದ ಪಟದ ಬೂದು ರಟ್ಟಿನಲ್ಲಿ ಸ್ಟುಡಿಯೋದ ಹೆಸರು ಸವೆದುಹೋಗಿತ್ತು. "ಗುಲ್ಬರ್ಗ, ಎಚ್.ಇ.ಎಚ್. ನಿಜಾಮರ ಪ್ರಾಂತ" ಎಂಬಷ್ಟು ಉಬ್ಬಕ್ಷರ ಬೆರಳಿಗೆ ಹತ್ತುತ್ತಿತ್ತು. ನನಗೆ ಒಂದು ಕ್ಷಣ ಹಿಗ್ಗಾಯಿತು, ಮರುಕ್ಷಣ ಇಳಿಯಿತು. ಬಿರುದು ಬಂದದ್ದು 1918ರ ಆರಂಭದಲ್ಲಿ, ಜ್ವರ ಬಂದದ್ದು ಅದೇ ವರ್ಷದ ಮಳೆಗಾಲದ ಕೊನೆಗೆ. ಅತ್ತೆಯ ಪಟವೆಂಬ ಮಾತಿಗೆ ಈ ಸುಳಿವಿನಿಂದ ಬಾಧಕವೇ ಇರಲಿಲ್ಲ.

ರಟ್ಟಿನ ಹಿಂದೆ ಸೀಸದ ಕಡ್ಡಿಯಿಂದ ಬರೆದ ನಾಲ್ಕು ಉರ್ದು ಅಂಕಿಗಳಿದ್ದವು. ನೆಗೆಟಿವ್ ಪ್ಲೇಟಿನ ಕ್ರಮಸಂಖ್ಯೆ ಇರಬೇಕೆಂದು ಮನೆಯವರು ಬಿಟ್ಟಿದ್ದರು. ನೆರೆಯ ನಿವೃತ್ತ ಉರ್ದು ಶಿಕ್ಷಕರು ಕನ್ನಡಕ ಏರಿಸಿ 1343 ಎಂದು ಓದಿದರು. ಈ ಸೀಮೆಯ ಹಳೆಯ ಪಹಣಿ, ಕರಾರು ಪತ್ರಗಳನ್ನು ಕಂಡವರಿಗೆ ಅಂತಹ ಸಂಖ್ಯೆ ಅಪರಿಚಿತವಲ್ಲ. ನಿಜಾಮರ ಕಚೇರಿಗಳಲ್ಲಿ ನಡೆಯುತ್ತಿದ್ದುದು ಫಸಲಿ ಸಾಲು. ಅಕ್ಟೋಬರ್ ಆರಂಭದಲ್ಲಿ ಹೊಸ ವರ್ಷ. ಫಸಲಿಗೆ 590 ಕೂಡಿಸಿದರೆ ವರ್ಷ ಹುಟ್ಟಿದ ಇಸವಿ, 591 ಕೂಡಿಸಿದರೆ ಮುಗಿದ ಇಸವಿ. 1343 ಎಂದರೆ 1933ರ ಅಕ್ಟೋಬರಿನಿಂದ 1934ರ ಅಕ್ಟೋಬರಿನವರೆಗೆ.

ಆದರೂ ಅದು ಕ್ರಮಸಂಖ್ಯೆಯೇ ಆಗಿರಬಾರದೇಕೆ? ಈ ಸಂಶಯ ಬಿಡಿಸಿದ್ದು ಅದೇ ಟ್ರಂಕಿನ ಇನ್ನೊಂದು ಪಟ. ವಾಡಿಯ ಅಧಿಕಾರಿಯೊಬ್ಬರಿಗೆ ವರ್ಗವಾದಾಗ ನೌಕರರೆಲ್ಲ ಸಾಲಾಗಿ ಕುಳಿತು ತೆಗೆಸಿದ ಬೀಳ್ಕೊಡುಗೆಯ ಚಿತ್ರ; ಕೆಳಗೆ ಇಂಗ್ಲಿಷಿನಲ್ಲಿ ಮಾರ್ಚ್ 1938 ಎಂದು ಅಚ್ಚಾಗಿದೆ. ಬೂದು ರಟ್ಟು, ಉಬ್ಬಕ್ಷರ ಎಲ್ಲವೂ ಒಂದೇ. ಹಿಂದೆ ಅದೇ ಕೈಬರಹದಲ್ಲಿ 1347. ಲೆಕ್ಕ ಹಾಕಿದೆವು: 1347ಕ್ಕೆ 591 ಕೂಡಿಸಿದರೆ 1938. ಸ್ಟುಡಿಯೋದವನು ಬರೆದಿಡುತ್ತಿದ್ದುದು ಫಸಲಿ ವರ್ಷವೇ ಎಂಬುದು ಸ್ಪಷ್ಟವಾಯಿತು. ಒಂದೇ ಪಟವನ್ನು ಹಿಡಿದು ಕೂರದೆ ಇಡೀ ಟ್ರಂಕನ್ನು ನೆಲದ ಮೇಲೆ ಹರವಿಕೊಳ್ಳಬೇಕೆನ್ನುವುದು ಇದಕ್ಕಾಗಿಯೇ.

1934ರಲ್ಲಿ ಸೋದರತ್ತೆಗೆ ಮೂವತ್ತೆಂಟು ವರ್ಷ. ಪಟದ ಹೆಂಗಸಿಗೆ ಇಪ್ಪತ್ತರ ಮೇಲೆ ಹೇಳಲಾಗದು.

ಕೆಂಪು ಬಾಳೆಯ ಪ್ರಯೋಗ

ಹಾಗಾದರೆ ಈ ಕಪ್ಪು ಸೀರೆ?

ಇಂದಿನ ಕ್ಯಾಮೆರಾ ನಮ್ಮ ಕಣ್ಣಿನಂತೆಯೇ ಬಣ್ಣಗಳನ್ನು ಕಾಣುತ್ತದೆ. ಹಳೆಯ ಫೋಟೋ ಪ್ಲೇಟುಗಳಿಗೆ ಆ ಭಾಗ್ಯವಿರಲಿಲ್ಲ. ಮೊದಲಿನವು ನೀಲಿ ಬೆಳಕನ್ನು ಮಾತ್ರ ಹಿಡಿಯುತ್ತಿದ್ದವು. ಅನಂತರ ಬಂದ ಆರ್ಥೋಕ್ರೊಮ್ಯಾಟಿಕ್ ಪ್ಲೇಟುಗಳು ಹಸಿರನ್ನೂ ಹಿಡಿದವು. ಕೆಂಪಿಗೆ ಅವೂ ಕುರುಡೇ. ಡಾರ್ಕ್‌ರೂಮಿನಲ್ಲಿ ಕೆಂಪು ದೀಪ ಉರಿಸಿಕೊಂಡು ಕೆಲಸ ಮಾಡಬಹುದಾಗಿದ್ದುದು ಈ ಕುರುಡಿನಿಂದಲೇ. ಎಲ್ಲ ಬಣ್ಣಗಳನ್ನೂ ಹಿಡಿಯುವ ಪ್ಯಾನ್‌ಕ್ರೊಮ್ಯಾಟಿಕ್ ಪ್ಲೇಟುಗಳು ಇಂಗ್ಲೆಂಡಿನಲ್ಲಿ 1906ರಲ್ಲಿಯೇ ಮಾರಾಟಕ್ಕೆ ಬಂದಿದ್ದರೂ ಊರೂರಿನ ಸ್ಟುಡಿಯೋಗಳು 1930ರ ದಶಕದಲ್ಲಿಯೂ ಹಳೆಯದನ್ನೇ ಬಳಸುತ್ತಿದ್ದವು. ಪರಿಣಾಮವೇನು? ಅಂತಹ ಪಟಗಳಲ್ಲಿ ಕೆಂಪು ಕಪ್ಪಾಗಿ ಬೀಳುತ್ತದೆ. ತಿಳಿನೀಲಿ ಬಿಳಿಯಾಗಿ ಬೀಳುತ್ತದೆ. ಬಿಳಿ ಸೀರೆಯ ವಿಧವೆ ಎಂದು ನಾವು ನಂಬಿದವಳು ತಿಳಿನೀಲಿ ಸೀರೆಯ ಮುತ್ತೈದೆಯಾಗಿರಬಹುದು; ಶೋಕದ ಕಪ್ಪು ಉಟ್ಟಿದ್ದಾಳೆಂದುಕೊಂಡವಳು ಕೆಂಪು ಉಟ್ಟ ಮದುಮಗಳಾಗಿರಬಹುದು.

ಬಾಯಲ್ಲಿ ಹೇಳಿದರೆ ಮನೆಯವರಿಗೆ ನಂಬಿಕೆ ಬರಲಿಲ್ಲ. ಶಾಲೆಯ ನಾಟಕದಲ್ಲಿ ದೀಪಕ್ಕೆ ಕಟ್ಟುವ ನೀಲಿ ಜಿಲೆಟಿನ್ ಕಾಗದವನ್ನು ಮೊಮ್ಮಗ ಹುಡುಕಿ ತಂದ. ಅದನ್ನು ಎರಡು ಮಡಿಕೆ ಮಾಡಿ ಮೊಬೈಲಿನ ಕಣ್ಣಿಗೆ ಹಿಡಿದು, ಕಪ್ಪುಬಿಳುಪಿನಲ್ಲಿ ಚಿತ್ರ ತೆಗೆಯುವಂತೆ ಹೊಂದಿಸಿದ. ಮೇಜಿನ ಮೇಲೆ ಇಟ್ಟದ್ದು ಅವರ ಹಿತ್ತಿಲಿನ ಕೆಂಪು ಬಾಳೆಯ ಒಂದು ಚಿಪ್ಪು, ಪಕ್ಕದಲ್ಲಿ ಒಂದು ತಿಳಿನೀಲಿ ಟವೆಲು. ಪರದೆಯ ಮೇಲೆ ಬಾಳೆ ಇದ್ದಿಲಿನಂತೆ ಕಪ್ಪಾಗಿ, ಟವೆಲು ಒಗೆದ ಬಿಳಿ ಬಟ್ಟೆಯಂತೆ ಕಾಣಿಸಿತು. ಹುಡುಗ ಕಾಗದ ತೆಗೆದು ನೋಡಿದ, ಮತ್ತೆ ಹಿಡಿದು ನೋಡಿದ. ಆಮೇಲೆ ಕಪ್ಪು ಸೀರೆಯ ಮಾತೆತ್ತಲಿಲ್ಲ.

ಕರಾವಳಿಯ ಕೊಂಕಣಿ ಕಥೋಲಿಕರಲ್ಲಿ ವಧುವಿಗೆ ವರನ ಕಡೆಯವರು ಕೊಡುವ ಕೆಂಪು ರೇಷ್ಮೆ ಸೀರೆಗೆ ಸಾಡೊ ಎನ್ನುತ್ತಾರೆ. ಭೂತಗನ್ನಡಿಯಿಂದ ನೋಡಿದರೆ ಪಟದ ಸೀರೆಯ ಅಂಚಿನಲ್ಲಿ ಜರಿಯ ಗೆರೆ ಕಾಣುತ್ತದೆ. ಕೊರಳಲ್ಲಿ ಸಣ್ಣ ಮಣಿಗಳ ಸರವಿದೆ, ಅದು ಕರಿಮಣಿ. ಗಂಡ ತೀರಿಕೊಂಡ ಹೆಂಗಸಿನ ಕೊರಳಲ್ಲಿ ಕರಿಮಣಿ ಉಳಿಯುತ್ತಿರಲಿಲ್ಲ ಎಂಬುದನ್ನು ಹಿರಿಯ ತಾಯಿಯೇ ಹೇಳಿದರು. ಅಷ್ಟು ವರ್ಷ ಆ ಪಟ ನೋಡಿಯೂ ತಮಗೆ ಅದು ಹೊಳೆಯಲಿಲ್ಲವೆಂದು ಹಣೆ ಮುಟ್ಟಿಕೊಂಡರು. ಯಾರಿಗೂ ಹೊಳೆಯುವುದಿಲ್ಲ. ಮೊದಲೇ ಗೊತ್ತಿರುವ ಪಟವನ್ನು ನಾವು ನೋಡುವುದೇ ಇಲ್ಲ.

ಚೌಕಟ್ಟು ಬಿಚ್ಚಿದಾಗ

ಪಟವನ್ನು ಚೌಕಟ್ಟಿನಿಂದ ಹೊರತೆಗೆಯುವುದಕ್ಕೆ ಮಗನಿಗೆ ಮನಸ್ಸಿರಲಿಲ್ಲ. ಹೆದರಿಕೆ ಸಹಜವೇ. ಗಾಜಿಗೆ ಅಂಟಿಕೊಂಡ ಪಟವನ್ನು ಎಳೆದರೆ ಮುಖವೇ ಗಾಜಿಗೆ ಬಂದುಬಿಡುತ್ತದೆ. ಹಾಗೆ ಅಂಟಿದ್ದರೆ ಬಿಚ್ಚದೆ, ಗಾಜಿನ ಸಮೇತ ಛಾಯಾಪ್ರತಿ ತೆಗೆಸುವುದೇ ಕ್ಷೇಮ. ಇಲ್ಲಿ ಪಟಕ್ಕೂ ಗಾಜಿಗೂ ನಡುವೆ ಕತ್ತರಿಸಿದ ರಟ್ಟಿನ ಅಂಚು ಇದ್ದುದರಿಂದ ಅಪಾಯವಿರಲಿಲ್ಲ. ಮೊಳೆ ಕಿತ್ತು ಹೊರತೆಗೆದಾಗ, ಆ ಅಂಚು ಮುಚ್ಚಿದ್ದ ಬಲಭಾಗದಲ್ಲಿ ಕುರ್ಚಿಯ ಬೆನ್ನಿನ ಮೇಲೆ ಒಂದು ಕೈ ಇತ್ತು. ಕೋಟಿನ ತೋಳು, ಅಂಗಿಯ ಮಣಿಕಟ್ಟು, ನಾಲ್ಕು ಬೆರಳು. ಅದರಾಚೆಗೆ ಪಟವನ್ನು ಕತ್ತರಿಯಿಂದ ನೇರವಾಗಿ ಕತ್ತರಿಸಲಾಗಿತ್ತು.

ಎದುರಿನ ಗೋಡೆಯ ಮೇಲೆ ಅವರ ತಂದೆಯ ದೊಡ್ಡ ಪಟ ತೂಗುತ್ತಿತ್ತು. 1958ರಲ್ಲಿ ಅವರು ತೀರಿಕೊಂಡಾಗ "ದೊಡ್ಡದು ಮಾಡಿಸಿದ್ದು" ಎಂದು ಮನೆಯವರೆಂದರು. ಯೌವನದ ಮುಖ, ಕೋಟು, ಟೈ. ಅಂಗಡಿಯವರು ನೋಟಿನ ಅಸಲಿತನ ನೋಡಲು ಇಟ್ಟುಕೊಳ್ಳುವ ನೇರಳಾತೀತ ಟಾರ್ಚನ್ನು ನಾನು ಜೊತೆಗೆ ಒಯ್ಯುತ್ತೇನೆ. 1950ರ ದಶಕದಿಂದೀಚೆಗೆ ಫೋಟೋ ಕಾಗದ ಹೆಚ್ಚು ಬೆಳ್ಳಗೆ ಕಾಣಲೆಂದು ಅದಕ್ಕೆ ಹೊಳಪಿನ ರಾಸಾಯನಿಕ ಸೇರಿಸುವುದು ರೂಢಿಗೆ ಬಂತು. ಕತ್ತಲೆಯಲ್ಲಿ ಆ ಬೆಳಕು ಬಿದ್ದರೆ ಅಂತಹ ಕಾಗದ ನೀಲಿಯಾಗಿ ಬೆಳಗುತ್ತದೆ. ಬೆಳಗಿದರೆ ಕಾಗದ ಹೊಸದು. ಬೆಳಗದಿದ್ದರೆ ಹಳೆಯದಿರಬಹುದು ಎಂದಷ್ಟೇ ಹೇಳಬೇಕು, ಏಕೆಂದರೆ ಆ ರಾಸಾಯನಿಕವಿಲ್ಲದ ಕಾಗದಗಳು ಆಮೇಲೂ ಇದ್ದವು. ಹೆಂಗಸಿನ ಪಟ ಬೆಳಗಲಿಲ್ಲ. ತಂದೆಯ ದೊಡ್ಡ ಪಟ ಬೆಳಗಿತು. ಅಂದರೆ ಯುವಕನ ಮುಖವಿದ್ದರೂ ಆ ಪ್ರತಿ ಹಳೆಯದಲ್ಲ, ಬೇರೊಂದು ಮೂಲದಿಂದ ಎತ್ತಿದ್ದು. ಅದರ ಕೆಳಮೂಲೆಯಲ್ಲಿ, ಬಣ್ಣ ಸವರಿ ಮರೆಮಾಡಿದ್ದರೂ, ಕುರ್ಚಿಯ ಬೆನ್ನಿನ ಕೆತ್ತನೆಯ ಗುಬ್ಬಿಯೊಂದರ ತುದಿ ಇಣುಕುತ್ತಿತ್ತು. ಎರಡನ್ನೂ ಪಕ್ಕಪಕ್ಕ ಇಟ್ಟೆವು. ಒಂದೇ ಕುರ್ಚಿ.

ತಂದೆಯ ಮರಣದ ದುಃಖದಲ್ಲಿ ಯಾರೋ ದಂಪತಿಗಳ ಪಟವನ್ನು ಕತ್ತರಿಸಿ, ಅವರ ಅರ್ಧವನ್ನು ದೊಡ್ಡದು ಮಾಡಲು ಕೊಟ್ಟಿದ್ದರು. ಉಳಿದ ಅರ್ಧಕ್ಕೆ ಕಾಲಕ್ರಮದಲ್ಲಿ ಬೇರೆ ಹೆಸರು ಬಂತು. ಆ ಕಾಲದಲ್ಲಿ ಇದು ಅಪರೂಪದ ಕೆಲಸವೇನಲ್ಲ. ಪ್ರತಿ ತೆಗೆಯುವುದು ಖರ್ಚಿನ ಬಾಬು, ಕತ್ತರಿ ಬಿಟ್ಟಿಯ ಬಾಬು. ವಿಧವೆಯಾದ ಅಕ್ಕನ ಪಕ್ಕದಲ್ಲಿಯೂ ತಮ್ಮ ನಿಲ್ಲಬಹುದಲ್ಲವೇ ಎಂದು ಮಗ ಕೇಳಿದರು. ನ್ಯಾಯವಾದ ಪ್ರಶ್ನೆ. ಆದರೆ 1918ರಲ್ಲಿ ಆ ತಮ್ಮನಿಗೆ ಹದಿಮೂರು ವರ್ಷ. ಟೈ ಕಟ್ಟಿ ನಿಂತವರಿಗೆ ಮೂವತ್ತು ಹತ್ತಿರ.

ಕಥೋಲಿಕ ಮನೆಗಳ ಪಟಗಳಲ್ಲಿ ಇತರರಲ್ಲಿಲ್ಲದ ಕೆಲವು ಗುರುತುಗಳಿವೆ. ಶವಪೆಟ್ಟಿಗೆಯ ಸುತ್ತ ಬಂಧುಗಳೆಲ್ಲ ನಿಂತ ಪಟವನ್ನು ಅಶುಭವೆಂದು ಸುಟ್ಟುಬಿಡುವವರನ್ನು ಕಂಡಿದ್ದೇನೆ. ದಯಮಾಡಿ ಸುಡಬೇಡಿರಿ. ಮರಣದ ದಿನ ರಿಜಿಸ್ಟರಿನಲ್ಲಿರುತ್ತದೆ, ಬಂಧುಗಳು ಸಂಬಂಧದ ಕ್ರಮದಲ್ಲಿಯೇ ನಿಂತಿರುತ್ತಾರೆ. ಇಷ್ಟು ನಿಖರವಾದ ಕುಟುಂಬ ಪಟ್ಟಿ ಬೇರೆ ಸಿಗದು. ಮೊದಲ ಪರಮಪ್ರಸಾದದ ಪಟಗಳಲ್ಲಿ ಮಗುವಿನ ವಯಸ್ಸನ್ನು ಗಮನಿಸಿರಿ. 1910ರ ಆಗಸ್ಟಿನಲ್ಲಿ ಹತ್ತನೆಯ ಪಿಯುಸ್ ಜಗದ್ಗುರುಗಳು ಏಳು ವರ್ಷದ ಸುಮಾರಿಗೇ ಮಕ್ಕಳಿಗೆ ಪರಮಪ್ರಸಾದ ಕೊಡಬಹುದೆಂದು ಆಜ್ಞಾಪಿಸಿದರು. ಅದಕ್ಕೂ ಹಿಂದೆ ಹತ್ತು, ಹನ್ನೆರಡು ವರ್ಷದವರೆಗೆ ಕಾಯುವುದು ವಾಡಿಕೆ. ಕೈಯಲ್ಲಿ ಮೇಣದ ಬತ್ತಿ, ತೋಳಿಗೆ ಬಿಳಿ ರಿಬ್ಬನ್ನು ಇರುವ ಹುಡುಗನಿಗೆ ಮೀಸೆ ಚಿಗುರುತ್ತಿದ್ದರೆ ಅದು ಬಹಳ ಹಳೆಯ ಪಟವಿರಬೇಕು. ಧರ್ಮಭಗಿನಿಯರ ಉಡುಪು 1965ರಲ್ಲಿ ಮುಗಿದ ಎರಡನೆಯ ವ್ಯಾಟಿಕನ್ ಮಹಾಸಭೆಯ ನಂತರವೇ ಸರಳವಾದದ್ದು. ಅನೇಕ ಸಭೆಗಳವರು ಸೀರೆ ಉಟ್ಟದ್ದೂ ಆಗಲೇ.

ರಿಜಿಸ್ಟರಿನ ಅಂಚು

ಪಟ ವರ್ಷವನ್ನು ಹೇಳೀತು, ಹೆಸರನ್ನು ಹೇಳದು. ಹೆಸರಿಗೆ ಧರ್ಮಕೇಂದ್ರದ ರಿಜಿಸ್ಟರಿಗೇ ಹೋಗಬೇಕು. ಗುಲ್ಬರ್ಗ ಧರ್ಮಕ್ಷೇತ್ರ ಸ್ಥಾಪನೆಯಾದದ್ದು 2005ರ ಜೂನ್ 24ರಂದು. ಅದಕ್ಕೂ ಹಿಂದಿನ ಸಂಗತಿಗಳಿಗೆ ಕುಟುಂಬದ ಮೂಲ ಊರಿನ ಧರ್ಮಕೇಂದ್ರವನ್ನೇ ವಿಚಾರಿಸುವುದು ಲೇಸು. ಹಳೆಯ ದಾಖಲೆ ಲತೀನಿನಲ್ಲಿರುತ್ತದೆ: ಜೋಸೆಫ್ ಅಲ್ಲಿ ಯೊಸೇಫುಸ್, ಜಾನ್ ಅಲ್ಲಿ ಯೊವಾನ್ನೆಸ್. ಇದರಿಂದ ಗಾಬರಿಯಾಗಬೇಕಾಗಿಲ್ಲ.

ಬಹುಜನರಿಗೆ ತಿಳಿಯದ ಒಂದು ಉಪಕಾರವಿದೆ. ವಿವಾಹವನ್ನು ಕುರಿತು ಹೊರಟ "ನೆ ತೆಮೆರೆ" ಎಂಬ ಆಜ್ಞೆ 1908ರ ಪಾಸ್ಕ ಹಬ್ಬದಿಂದ ಜಾರಿಗೆ ಬಂತು. ಅಲ್ಲಿಂದ ಮುಂದೆ ಒಬ್ಬರ ವಿವಾಹವಾದಾಗ ಅದನ್ನು ಅವರ ಜ್ಞಾನಸ್ನಾನದ ದಾಖಲೆಯ ಅಂಚಿನಲ್ಲಿಯೂ ಬರೆಯಬೇಕಾಯಿತು. ಆದ್ದರಿಂದ ಒಬ್ಬ ಹೆಂಗಸಿನ ಜ್ಞಾನಸ್ನಾನದ ಪುಟ ಸಿಕ್ಕಿದರೆ ಅವಳು ಯಾವಾಗ, ಎಲ್ಲಿ, ಯಾರನ್ನು ಮದುವೆಯಾದಳೆಂಬುದೂ ಅಲ್ಲಿಯೇ ಸಿಗಬಹುದು. ಕೇಳುವಾಗ ಬರಿಯ ಪ್ರಮಾಣಪತ್ರ ಕೇಳದೆ, ಅಂಚಿನ ಬರಹವನ್ನೂ ತಿಳಿಸಬೇಕೆಂದು ಗುರುಗಳಲ್ಲಿ ವಿನಂತಿಸಿಕೊಳ್ಳಬೇಕು. ಭಾನುವಾರದ ಪೂಜೆ ಮುಗಿದ ಗಡಿಬಿಡಿಯಲ್ಲಿ ಹೋಗಿ ಕೇಳುವುದು ಮಾತ್ರ ತರವಲ್ಲ.

ಕಮಲಾಪುರದವರು ಕರಾವಳಿಯ ಆ ಧರ್ಮಕೇಂದ್ರಕ್ಕೆ ಕಾಗದ ಬರೆದರು. ಆರು ವಾರದ ಮೇಲೆ ಉತ್ತರ ಬಂತು. 1914ರಲ್ಲಿ ಜ್ಞಾನಸ್ನಾನ, ಅಂಚಿನಲ್ಲಿ 1934ರ ಜನವರಿಯ ಒಂದು ದಿನಾಂಕ, ವರನ ಹೆಸರು. ತಪಸ್ಸುಕಾಲದಲ್ಲಿಯೂ ಆಗಮನಕಾಲದಲ್ಲಿಯೂ ಮದುವೆಗಳು ನಡೆಯುತ್ತಿರಲಿಲ್ಲವಾಗಿ ಜನವರಿ ಎಂದರೆ ಮದುವೆಗಳ ತಿಂಗಳು. ಮದುಮಕ್ಕಳು ರೈಲು ಹತ್ತಿ ವಾಡಿಗೆ ಬಂದ ಮೇಲೆ ಗುಲ್ಬರ್ಗಕ್ಕೆ ಹೋಗಿ ಪಟ ತೆಗೆಸಿರಬೇಕು. ಆಗ ನಡೆಯುತ್ತಿದ್ದುದು ಫಸಲಿ 1343.

ಪಟದ ಹಿಂದೆ ಹೆಸರಿಲ್ಲ. ನ್ಯಾಯಾಲಯದಲ್ಲಿ ವಾದಿಸಲು ಇನ್ನೂ ಎಡೆಯಿದೆಯೆಂದು ಬಲ್ಲೆ. ಸೋದರತ್ತೆಯೊಂದಿಗೆ ಮುಖ ಹೋಲಿಸಿ ನೋಡೋಣವೆಂದರೆ, 1958ರ ಶವಪೆಟ್ಟಿಗೆಯ ಪಟದಲ್ಲಿ ಆಕೆ ತಲೆಯ ತುಂಬ ಸೆರಗು ಹೊದ್ದು ನಿಂತಿದ್ದಾರೆ. ವಯಸ್ಸಿನೊಂದಿಗೆ ಬದಲಾಗದೆ ಉಳಿಯುವ ಗುರುತೆಂದರೆ ಕಿವಿಯ ಆಕಾರ, ಅದೇ ಕಾಣದು. ಆದರೂ ನನ್ನ ಮಟ್ಟಿಗೆ ಸಂಶಯ ಉಳಿದಿಲ್ಲ. ಮನೆಯವರಿಗೂ ಹಾಗೆಯೇ ಹೇಳಿದೆ.

ಈಗ ಎರಡು ಅರ್ಧಗಳ ಛಾಯಾಪ್ರತಿ ತೆಗೆಸಿ ಒಂದೇ ಚೌಕಟ್ಟಿನಲ್ಲಿ ಇರಿಸಿದ್ದಾರೆ. ಮೂಲ ಪಟವನ್ನು ಗೋಡೆಯಿಂದ ಇಳಿಸಿ, ಬಿಳಿ ಕಾಗದದಲ್ಲಿ ಸುತ್ತಿ, ಬಿಸಿಲು ತಾಕದ ಕಪಾಟಿನಲ್ಲಿ ಇಟ್ಟಿದ್ದಾರೆ. ನಮ್ಮ ಸೀಮೆಯ ಬೇಸಿಗೆಯಲ್ಲಿ ಪಶ್ಚಿಮದ ಗೋಡೆ ಹಳೆಯ ಪಟಕ್ಕೆ ಒಲೆಯಿದ್ದಂತೆ. ಲ್ಯಾಮಿನೇಷನ್ ಮಾಡಿಸುವ ಮಾತು ಬಂದಾಗ ಬೇಡವೆಂದೆ, ಏಕೆಂದರೆ ಒಮ್ಮೆ ಮಾಡಿದರೆ ಬಿಚ್ಚಲಾಗದು. ಹರಿದಲ್ಲಿ ಪಾರದರ್ಶಕ ಟೇಪು ಅಂಟಿಸುವುದೂ, ಒದ್ದೆ ಬಟ್ಟೆಯಿಂದ ಒರೆಸುವುದೂ ಹಾಗೆಯೇ ಹಾನಿಕರ. ಹಿಂಬದಿಯ ಅಂಚಿನಲ್ಲಿ ಹೆಸರು ಬರೆಯಲು ಮೆತ್ತನೆಯ ಸೀಸದ ಕಡ್ಡಿ ಸಾಕು. ಬಾಲ್‌ಪೆನ್ನಿನ ಶಾಯಿ ಮುಂದಕ್ಕೆ ಇಳಿಯುತ್ತದೆ.

ಹೆಸರು ಬರೆಯುವ ಮೊದಲು ಪಟವನ್ನು ಹಿರಿಯ ತಾಯಿಯ ಮಡಿಲಲ್ಲಿ ಇಟ್ಟರು. ಅವರು ಬಹಳ ಹೊತ್ತು ನೋಡಿದರು. ಸೊಸೆ ಭೂತಗನ್ನಡಿ ಹಿಡಿಯಲು ಬಂದಾಗ ಕೈಯಿಂದ ಸರಿಸಿದರು. ಕಾಲೇಜಿಗೆ ಹೋಗುವ ಮೊಮ್ಮಗಳು ಬಾಗಿಲಲ್ಲಿ ನಿಂತಿದ್ದಳು. ಒಮ್ಮೆ ಅವಳ ಮುಖ ನೋಡಿ, ಮತ್ತೆ ಪಟ ನೋಡಿ, ನನ್ನ ಕಡೆಗೆ ತಿರುಗಿ ಕೇಳಿದರು:

"ಇಷ್ಟ್ ಸಣ್ಣಾಕಿ ಇದ್ಳೇನ್ರಿ ನಮ್ಮವ್ವ?"

ಸೀಸದ ಕಡ್ಡಿಯನ್ನು ಮಗನ ಕೈಯಿಂದ ಇಸಿದುಕೊಂಡು, ನಡುಗುವ ಅಕ್ಷರಗಳಲ್ಲಿ, ಹೆಸರನ್ನು ತಾವೇ ಬರೆದರು.